ಮಾರ್ಜಾಲ ಮೀಮಾಂಸೆ: ಮಂಚದಡಿ ಅಧಿಕರಣ

ಮೀಮಾಂಸಕರ ಪ್ರಕಾರ ಅಧಿಕರಣಕ್ಕೆ, ಅಂದರೆ ಒಂದು ವಿಷಯದ ವಿಚಾರಣೆಗೆ, ಅಂಗಗಳು ಐದು: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ಬೆಕ್ಕಿನ ಮರಿಗೂ ನಾಲ್ಕು ಕಾಲು, ಒಂದು ಬಾಲ ಸೇರಿ ಅಂಗಗಳು ಐದೇ. ಆದ್ದರಿಂದ ಈ ಶಾಸ್ತ್ರಕ್ಕೂ ಆ ಪ್ರಾಣಿಗೂ ಇರುವ ಅನಾದಿ ಸಂಬಂಧವನ್ನು ಬೇರೆ ಸಾಧಿಸಬೇಕಿಲ್ಲ. ತಲೆಯನ್ನೇಕೆ ಲೆಕ್ಕಕ್ಕೆ ಹಿಡಿಯಲಿಲ್ಲ ಎಂದು ಆಕ್ಷೇಪಿಸುವವರಿಗೆ ಸಮಾಧಾನ: ಅದು ಮಂಚದ ಕೆಳಗಿದೆ, ಕಾಣಿಸುತ್ತಿಲ್ಲ.

ಇನ್ನು ವಿಷಯ. ನಿನ್ನೆ ಸಂಜೆ ಮನೆಗೆ ತಂದ ಮರಿ ಮಂಚದಡಿ ನುಗ್ಗಿ, ಹಳೇ ಟ್ರಂಕಿನ ಹಿಂದೆ ಗೋಡೆಗೆ ಅಂಟಿಕೊಂಡು ಕೂತಿದೆ. ಟಾರ್ಚ್ ಬಿಟ್ಟರೆ ಎರಡು ಹಸಿರು ದೀಪ. ಪ್ರತ್ಯಕ್ಷ ಪ್ರಮಾಣ ಇಷ್ಟೇ, ಉಳಿದದ್ದೆಲ್ಲ ಅನುಮಾನ. ರಾತ್ರಿ ತಟ್ಟೆಯಲ್ಲಿಟ್ಟ ಮೀನು ಬೆಳಿಗ್ಗೆ ಇಲ್ಲ. ಆದ್ದರಿಂದ ಮರಿ ಇದೆ. ಮೀನನ್ನು ಇಲಿ ತಿಂದಿರಬಾರದೇಕೆ ಎಂದು ಯಾರಾದರೂ ತಗಾದೆ ತೆಗೆದರೆ ಮರಳಿನ ಟ್ರೇ ಕಡೆ ಕೈ ತೋರಿಸಬೇಕು. ಮೂಗಿರುವ ಯಾವ ತಾರ್ಕಿಕನೂ ಆ ಪ್ರಮಾಣವನ್ನು ಅಲ್ಲಗಳೆಯಲಾರ. ತಟ್ಟೆ ಒಂದು ಇಡೀ ದಿನ ಹಾಗೇ ಉಳಿದರೆ ಮಾತ್ರ ಶಾಸ್ತ್ರ ಮುಚ್ಚಿಟ್ಟು ಪಶುವೈದ್ಯರ ಹತ್ತಿರ ಓಡಬೇಕು.

ಸಂಶಯ ಹೀಗಿದೆ: ಸಖ್ಯ ಹುಟ್ಟುವುದು ಯಜಮಾನನ ಪ್ರಯತ್ನದಿಂದಲೋ, ಮರಿಯ ಕೃಪೆಯಿಂದಲೋ? ಶ್ರೀವೈಷ್ಣವರಲ್ಲಿ ಇದರ ಹತ್ತಿರದ ವಾದವೊಂದು ಶತಮಾನಗಳಿಂದ ನಡೆದುಬಂದಿದೆ. ವಡಗಲೆಯವರದು ಮರ್ಕಟಕಿಶೋರ ನ್ಯಾಯ. ಕೋತಿಮರಿ ತಾನೇ ತಾಯಿಯನ್ನು ತಬ್ಬಿ ಹಿಡಿಯಬೇಕು. ತೆಂಗಲೆಯವರದು ಮಾರ್ಜಾಲಕಿಶೋರ ನ್ಯಾಯ. ಮರಿ ಸುಮ್ಮನೆ ಜೋತುಬಿದ್ದಿದ್ದರೆ ಸಾಕು, ತಾಯಿಬೆಕ್ಕೇ ಕತ್ತು ಕಚ್ಚಿ ಒಯ್ಯುತ್ತದೆ. ಭಗವಂತ ಮತ್ತು ಜೀವಾತ್ಮನ ಸಂಬಂಧಕ್ಕೆ ಎರಡೂ ಸೊಗಸಾದ ದೃಷ್ಟಾಂತಗಳೇ. ಆದರೆ ರಕ್ಷಕನೆನಿಸಿಕೊಂಡವನು ಲುಂಗಿ ಕಟ್ಟಿಕೊಂಡು ನೆಲದ ಮೇಲೆ ಬೋರಲು ಬಿದ್ದು ‘ಬಾ ಪುಟ್ಟಾ, ಬಾರೋ’ ಎಂದು ಅಂಗಲಾಚುವ, ರಕ್ಷಿತನು ಟ್ರಂಕಿನ ಹಿಂದಿನಿಂದ ಅವನನ್ನು ‘ಹಿಸ್ಸ್’ ಎಂದು ಗದರುವ ಸಂದರ್ಭ ಇವೆರಡರಲ್ಲಿ ಒಂದಕ್ಕೂ ಒಳಪಡುವುದಿಲ್ಲ. ಅದಕ್ಕೇ ಈ ಹೊಸ ಅಧಿಕರಣ.

ಪೂರ್ವಪಕ್ಷಿಗಳಲ್ಲಿ ಮೊದಲಿನವರು ಆಕರ್ಷಣವಾದಿಗಳು. ಹಿಡಿದೆಳೆದು ಮಡಿಲಲ್ಲಿ ಕೂರಿಸಿಕೊಂಡು ನಾಲ್ಕು ಸಲ ಸವರಿದರೆ ತಾನೇ ಒಗ್ಗಿಕೊಳ್ಳುತ್ತದೆ ಎಂಬುದು ಇವರ ಮತ. ಇವರನ್ನು ಮುಂಗೈ ಮೇಲಿನ ಮೂರು ಕೆಂಪು ಗೆರೆಗಳಿಂದ ಗುರುತಿಸಬಹುದು. ಶೈವರಲ್ಲದಿದ್ದರೂ ಎಲ್ಲರೂ ತ್ರಿಪುಂಡ್ರಧಾರಿಗಳೇ. ‘ತಾಯಿಯೂ ಕತ್ತು ಹಿಡಿದೇ ಎತ್ತುವುದಿಲ್ಲವೇ?’ ಎಂದು ಇವರು ಕೇಳುತ್ತಾರೆ. ಎತ್ತುತ್ತಾಳೆ, ತೀರಾ ಎಳೆಯ ಮರಿಯನ್ನು, ಅದೂ ತಾಯಿಯೆಂಬ ಅಧಿಕಾರದಿಂದ. ಆ ಅಧಿಕಾರ ಆಧಾರ್ ಕಾರ್ಡಿನಿಂದ ಬರುವಂಥದಲ್ಲ. ಇವರ ವಿರುದ್ಧ ಶಬ್ದಪ್ರಮಾಣವೂ ಇದೆ. ಇಲಿಗಳ ಕಾಟಕ್ಕೆ ಬೆಕ್ಕು, ಮುಂಗುಸಿಗಳನ್ನು ಬಿಡಬೇಕೆನ್ನುವ ಕೌಟಿಲ್ಯನ ಅರ್ಥಶಾಸ್ತ್ರ, ಅವನ್ನು ಹಿಡಿದವರಿಗೂ ಹಿಂಸಿಸಿದವರಿಗೂ 12 ಪಣ ದಂಡ ಹೇಳುತ್ತದೆ. ಹಿಂಸೆಯ ಮಾತು ಹಾಗಿರಲಿ, ಹಿಡಿಯುವುದೇ ಅಪರಾಧ. ಕೌಟಿಲ್ಯನ ಮನೆಯಲ್ಲೂ ಮಂಚವಿತ್ತೆಂದು ಊಹಿಸಲು ಇಷ್ಟು ಸಾಕು.

ಎರಡನೆಯವರು ಕ್ಷೀರವಾದಿಗಳು. ಒಂದು ಬಟ್ಟಲು ಹಾಲಿಟ್ಟರೆ ಯಾವ ಬೆಕ್ಕು ಬರುವುದಿಲ್ಲ ಎನ್ನುತ್ತಾರೆ. ಬರಬಹುದು. ಆದರೆ ತಾಯಿಮೊಲೆ ಬಿಟ್ಟ ಮೇಲೆ ಬಹುಪಾಲು ಬೆಕ್ಕುಗಳಿಗೆ ಹಾಲಿನ ಸಕ್ಕರೆಯನ್ನು ಅರಗಿಸಿಕೊಳ್ಳುವ ಶಕ್ತಿ ಕುಗ್ಗುತ್ತದೆ. ಆಗ ಹುಟ್ಟುವುದು ಅಭೇದವಲ್ಲ, ಭೇದಿ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನೂ ಇಲ್ಲಿ ನೆನೆಯಬೇಕು. ಸುಡುಹಾಲಿಗೆ ಬಾಯಿಟ್ಟ ಅದು ಆಮೇಲೆ ತುಂಬಿದ ಸಭೆಯಲ್ಲಿ ಹಾಲು ಕಂಡೊಡನೆ ಪರಾರಿಯಾಯಿತು. ಎಲ್ಲರೂ ರಾಮಕೃಷ್ಣನ ಜಾಣತನಕ್ಕೆ ತಲೆದೂಗಿದರು, ಬೆಕ್ಕಿನ ನಾಲಿಗೆಯನ್ನು ವಿಚಾರಿಸಿದವರಿಲ್ಲ.

ಮೂರನೆಯವರು ನಾಮಸಂಕೀರ್ತನವಾದಿಗಳು. ದಿನವಿಡೀ ಹೆಸರು ಹಿಡಿದು ಕೂಗುತ್ತಾರೆ. ಇವರ ಬೆಂಬಲಕ್ಕೆ ಜಪಾನಿನ ಸಂಶೋಧಕಿ ಅತ್ಸುಕೊ ಸೈತೊ ಇದ್ದಾರೆ. ಬೆಕ್ಕು ಯಜಮಾನನ ದನಿಯನ್ನು ಗುರುತಿಸುತ್ತದೆಂದು 2013ರಲ್ಲೂ, ತನ್ನ ಹೆಸರನ್ನು ಬೇರೆ ಪದಗಳಿಂದ ಪ್ರತ್ಯೇಕಿಸುತ್ತದೆಂದು 2019ರಲ್ಲೂ ಅವರು ಸಹೋದ್ಯೋಗಿಗಳೊಂದಿಗೆ ತೋರಿಸಿಕೊಟ್ಟರು. ಗುರುತಿಸಿದ ಬೆಕ್ಕುಗಳು ಮಾಡಿದ್ದೇನು? ಹೆಚ್ಚಾಗಿ ಕಿವಿ ತಿರುಗಿಸಿದವು, ತಲೆ ಹೊರಳಿಸಿದವು. ಅಂದರೆ ಶ್ರವಣ ಸಿದ್ಧಿಸಿದೆ, ಆಗಮನ ಸಿದ್ಧಿಸಿಲ್ಲ.

ಸಿದ್ಧಾಂತಕ್ಕೆ ಮುನ್ನ ಪ್ರಾರಬ್ಧದ ಮಾತು. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆಂದು ಹಿರಿಯರು ಹೇಳುತ್ತಾರೆ. ವಿಜ್ಞಾನಿಗಳ ಲೆಕ್ಕ ಏಳು ವಾರದ್ದು. ಎರಡನೇ ವಾರದಿಂದ ಏಳನೇ ವಾರದೊಳಗೆ ಮನುಷ್ಯರ ಕೈ ಸೋಕಿದ ಮರಿ ಮುಂದೆ ಸಲೀಸಾಗಿ ಒಗ್ಗುತ್ತದೆ, ಸೋಕದ ಮರಿ ಸತಾಯಿಸುತ್ತದೆ. ತಂದೆಯ ಗುಣವೂ ಸೇರುತ್ತದೆ: ಸಲಿಗೆಯ ಗಂಡುಬೆಕ್ಕಿನ ಮರಿಗಳಿಗೆ ಅಂಜಿಕೆ ಕಡಿಮೆ ಎಂದು 1995ರಲ್ಲಿ ಸಾಂಡ್ರಾ ಮೆಕ್ಯೂನ್ ಕಂಡುಕೊಂಡರು. ನಮ್ಮ ಬೀದಿಯ ಮರಿಗಳ ಗೋತ್ರಪ್ರವರ ಯಾರಿಗೂ ಗೊತ್ತಿಲ್ಲದ ಕಾರಣ ಈ ಸೂತ್ರದ ವಿನಿಯೋಗ ಇಲ್ಲಿ ಸಾಧ್ಯವಾಗದು.

ಈಗ ಸಿದ್ಧಾಂತ: ಪ್ರಪತ್ತಿ, ಅಂದರೆ ಶರಣಾಗತಿ, ಮಾಡಬೇಕಾದವನು ಯಜಮಾನನೇ. ಮರಿಗೆ ಮೊದಲು ಚಿಕ್ಕದೊಂದು ಕೋಣೆ ಸಾಕು, ಇಡೀ ಮನೆಯ ಬ್ರಹ್ಮಾಂಡ ಬೇಡ. ಅಲ್ಲೊಂದು ರಟ್ಟಿನ ಡಬ್ಬ ಇಡಬೇಕು. ಅಡಗಲು ಡಬ್ಬ ಸಿಕ್ಕ ಬೆಕ್ಕುಗಳು ಸಿಗದವಕ್ಕಿಂತ ಬೇಗ ನಿರಾಳವಾದವೆಂದು 2014ರಲ್ಲಿ ನೆದರ್‌ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು ಆಶ್ರಯಧಾಮವೊಂದರಲ್ಲಿ ನೋಡಿ ಬರೆದಿದ್ದಾರೆ. ಮಿಕ್ಸಿ ಬಂದ ಡಬ್ಬವನ್ನು ಎಸೆಯಬೇಡಿ ಎಂದು ಅಜ್ಜಿ ಹೇಳುತ್ತಿದ್ದುದು ಯಾವ ದೂರದೃಷ್ಟಿಯಿಂದ ಎಂಬುದು ಈಗ ತಿಳಿಯಿತು. ಡಬ್ಬದೊಳಗೆ ಯಜಮಾನ ತೊಟ್ಟು ಬಿಟ್ಟ ಬನಿಯನ್ ಹಾಸಬೇಕು, ಒಗೆದದ್ದಲ್ಲ. ಈ ಶಾಸ್ತ್ರದಲ್ಲಿ ಮಡಿ ನಿಷಿದ್ಧ, ಮೈಲಿಗೆಯೇ ವಿಧಿ.

ಬಳಿಕ ಯಜಮಾನ ನೆಲದ ಮೇಲೆ, ಮರಿಗೆ ಓರೆಯಾಗಿ ಕೂತು ಪೇಪರು ಓದಬೇಕು. ಮೆಲುದನಿಯಲ್ಲಿ ಓದಿದರೆ ಒಳ್ಳೆಯದು; ಸಂಪಾದಕೀಯವಾದರೂ ನಡೆದೀತು, ಕೇಳುವ ಜೀವಿಯೊಂದು ಸಿಕ್ಕಿತಲ್ಲ. ದಿಟ್ಟಿಸಿ ನೋಡಕೂಡದು. ಕಣ್ಣು ಕೂಡಿದರೆ ರೆಪ್ಪೆಯನ್ನು ನಿಧಾನವಾಗಿ ಅರೆಮುಚ್ಚಿ ತೆರೆಯಬೇಕು. ಇದಕ್ಕೆ ಬೆಕ್ಕು ಅದೇ ಭಾಷೆಯಲ್ಲಿ ಉತ್ತರ ಕೊಡುತ್ತದೆಂದು 2020ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ತಾಸ್ಮಿನ್ ಹಂಫ್ರಿ, ಕರೆನ್ ಮೆಕಾಂಬ್ ಮತ್ತು ಜೊತೆಗಾರರು ಪ್ರಕಟಿಸಿದರು. ಕಣ್ಣುಮುಚ್ಚಿ ಹಾಲು ಕುಡಿಯುತ್ತದೆಂದು ಇಷ್ಟು ಕಾಲ ಬೆಕ್ಕನ್ನು ಆಡಿಕೊಂಡೆವು. ಈಗ ಅದರೆದುರು ಕಣ್ಣುಮುಚ್ಚಿ ಕೂರುವ ಸರದಿ ನಮ್ಮದು. ಅಕ್ಕಪಕ್ಕದವರು ಕಿಟಕಿಯಿಂದ ನೋಡಿ ಏನಂದುಕೊಳ್ಳುತ್ತಾರೆಂಬುದು ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.

ಹೀಗೆ ಕೂತವನಿಗೆ ಒಂದು ದಿನ ದರ್ಶನವಾಗುತ್ತದೆ. ಮೊದಲು ಮೀಸೆ ಈಚೆ ಬರುತ್ತದೆ, ಆಮೇಲೆ ಮೂಗು, ಬಳಿಕ ಒಂದೊಂದೇ ಮುಂಗಾಲು. ಮೈ ರಬ್ಬರಿನ ಹಾಗೆ ಹಿಗ್ಗುತ್ತ ಹೋಗುತ್ತದೆ, ಹಿಂಗಾಲು ಮಾತ್ರ ಮಂಚದಡಿ ಬಿಟ್ಟು ಕದಲುವುದಿಲ್ಲ. ಮುಂದಿನರ್ಧ ಸಿದ್ಧಾಂತವನ್ನು ಒಪ್ಪಿದೆ, ಹಿಂದಿನರ್ಧ ಇನ್ನೂ ಪೂರ್ವಪಕ್ಷದಲ್ಲಿದೆ. ಒದ್ದೆ ಮೂಗು ಕಾಲಿನ ಹೆಬ್ಬೆರಳಿಗೆ ತಾಗುತ್ತದೆ. ಈ ಕ್ಷಣದಲ್ಲಿ ಕೈ ನೀಡಿದವನು ಮತ್ತೆ ಮೊದಲನೇ ಸೂತ್ರದಿಂದ ಪಾಠ ಶುರುಮಾಡಬೇಕು. ಬಗ್ಗದೆ, ಉಸಿರು ಬಿಗಿಹಿಡಿಯದೆ ಪೇಪರಿನ ಪುಟ ತಿರುಗಿಸಿದವನೇ ಅಧಿಕಾರಿ.

ಹಳೇ ಪೈಜಾಮದ ಲಾಡಿಯನ್ನು ನೆಲದ ಮೇಲೆ ಎಳೆದಾಡಿಸುವುದು ಇದರ ಉತ್ತರಾಂಗ. ಆಟ ಮುಗಿದೊಡನೆ ಎತ್ತಿಡಬೇಕು, ಮರಿ ದಾರ ನುಂಗಿದರೆ ಕರುಳಿಗೆ ಆಪತ್ತು. ಸವರುವ ಸ್ಥಾನ ಕೆನ್ನೆ ಮತ್ತು ಗದ್ದದಡಿ. ಹೊಟ್ಟೆಗೆ ಕೈ ಹಾಕುವವರಿಗೆ ತ್ರಿಪುಂಡ್ರಧಾರಣೆ ಪುನಃ ಪ್ರಾಪ್ತ. ಮರಿ ತಾನೇ ಬಂದು ಕೆನ್ನೆಯನ್ನು ಮೊಣಕಾಲಿಗೆ ಉಜ್ಜಿತೆಂದರೆ ಅಲ್ಲಿನ ಗ್ರಂಥಿಗಳ ವಾಸನೆಯನ್ನು ನಮಗೆ ಬಳಿಯಿತು ಎಂದರ್ಥ. ಶ್ರೀವೈಷ್ಣವರು ಹೆಗಲಿಗೆ ಶಂಖಚಕ್ರದ ಮುದ್ರೆ ಒತ್ತಿಸಿಕೊಂಡು ಸ್ವಾಮಿಯ ಸ್ವತ್ತಾಗುತ್ತಾರೆ; ಇಲ್ಲಿ ಮೊಣಕಾಲಿಗೆ ಮುದ್ರೆ ಬಿತ್ತು. ಸ್ವಾಮಿ ಯಾರೆಂದು ಇನ್ನು ಯಾರೂ ಕೇಳಬೇಕಾಗಿಲ್ಲ.

ಕೊನೆಯದು ಸಂಗತಿ, ಅಂದರೆ ಮುಂದಿನ ಅಧಿಕರಣಕ್ಕೆ ಕೊಂಡಿ. ಮರಿ ಮಂಚದಡಿಯಿಂದ ಈಚೆ ಬಂದಿರುವುದರಿಂದ ಕ್ರಮವಾಗಿ ಪರದೆ ಅಧಿಕರಣ, ಸೋಫಾ ಅಧಿಕರಣ ಮತ್ತು ಬೆಳಗಿನ ಜಾವ ನಾಲ್ಕು ಗಂಟೆ ಅಧಿಕರಣಗಳನ್ನು ಆರಂಭಿಸಬೇಕಾಗಿದೆ. ಮೊದಲನೆಯದರ ವಿಷಯ ಈಗಾಗಲೇ ಅರ್ಧ ಹರಿದಿದೆ.