ಹಳೇ ಸಿಸ್ಟಮ್ಮಿನ ಜೀರ್ಣೋದ್ಧಾರ

ಕಂಪನಿಯವರೇ ಜೋಡಿಸಿ ಮಾರಿದ ಹಳೇ ಡೆಸ್ಕ್‌ಟಾಪಿಗೆ ರ್‍ಯಾಮ್, ಪ್ರೊಸೆಸರ್ ಎರಡನ್ನೂ ಬದಲಾಯಿಸಬಹುದು. ಬದಲಾಯಿಸಬೇಕೆಂಬ ಯೋಚನೆ ಹುಟ್ಟುವುದು ಮಾತ್ರ ಲಗ್ನದ ಸೀಸನ್ನಿನಲ್ಲಿ. ಜಗಳೂರು ತಾಲ್ಲೂಕಿನ ಸೊಕ್ಕೆಯಂಥ ಹೋಬಳಿ ಊರಿನ ಜೆರಾಕ್ಸ್ ಅಂಗಡಿಯಲ್ಲಿ ಒಂದು ಕಡೆ ನುಡಿ ತಂತ್ರಾಂಶದಲ್ಲಿ ಲಗ್ನಪತ್ರಿಕೆ, ಇನ್ನೊಂದು ಕಡೆ ಯಾರದೋ ಪಹಣಿ ತೆರೆದಿರುತ್ತದೆ. ‘ಸುಖಾಗಮನ ಬಯಸುವವರು’ ಎಂಬಲ್ಲಿಗೆ ಬರುವಷ್ಟರಲ್ಲಿ ಸಿಸ್ಟಮ್ ಹ್ಯಾಂಗ್. ಬಯಸುವ ಚಿಕ್ಕಪ್ಪಂದಿರಲ್ಲಿ ಅರ್ಧ ಜನ ಇನ್ನೂ ಬಾಕಿ.

ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು ನೋಡಬೇಕು. ಮೆಮೊರಿ ತುಂಬಿದ್ದರೆ ರ್‍ಯಾಮ್ ಸಾಲದು. ಡಿಸ್ಕ್ ನೂರಕ್ಕೆ ನೂರು ತೋರಿಸಿದರೆ ಹಳೇ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಬೇಕು. ಪಹಣಿಯ ಪುಟದಲ್ಲಿ ‘ಸರ್ವರ್ ಬ್ಯುಸಿ’ ಎಂದು ಬಂದರೆ ಡಬ್ಬಿಯನ್ನು ಬೈದು ಫಲವಿಲ್ಲ.

ರ್‍ಯಾಮ್ ಕೊಳ್ಳುವಾಗ ಜಾತಿ ಕೇಳದೆ ವಿಧಿಯಿಲ್ಲ. ಡಿಡಿಆರ್2, ಡಿಡಿಆರ್3 ಎರಡಕ್ಕೂ 240 ಪಿನ್ನೇ, ಉದ್ದವೂ ಒಂದೇ. ಕೆಳಗಿನ ಕಚ್ಚು ಮಾತ್ರ ಬೇರೆ ಜಾಗದಲ್ಲಿ. ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರದು. ಬಲ ಪ್ರಯೋಗಿಸಿದರೆ ಸ್ಲಾಟೇ ಹೋದೀತು. ವಿಂಡೋಸ್ 32 ಬಿಟ್ಟಿನದಾದರೆ 4 ಜಿಬಿ ಹಾಕಿದರೂ ಲೆಕ್ಕಕ್ಕೆ ಸಿಗುವುದು ಮೂರು ಚಿಲ್ಲರೆ. ಖರ್ಚಿಗೆ ಮುಂಚೆ ಮಾಡಬೇಕಾದ ಕೆಲಸ ಇನ್ನೊಂದಿದೆ: ಇರುವ ರ್‍ಯಾಮನ್ನೇ ಕಿತ್ತು, ಅದರ ಹೊಂಬಣ್ಣದ ಅಂಚನ್ನು ಸ್ಕೂಲ್ ಮಕ್ಕಳ ರಬ್ಬರಿನಿಂದ ಉಜ್ಜಿ, ಎರಡೂ ಕಡೆ ಕ್ಲಿಪ್ ‘ಟಕ್’ ಎನ್ನುವಂತೆ ಕೂರಿಸುವುದು. ಬೀಪ್ ಬೀಪ್ ಎಂದು ಅಳುತ್ತಿದ್ದ ಎಷ್ಟೋ ಸಿಸ್ಟಮ್‌ಗಳು ಇಷ್ಟಕ್ಕೇ ಸುಮ್ಮನಾಗುತ್ತವೆ. ರಿಪೇರಿಯವರು ಈ ರಬ್ಬರಿಗೆ ಪ್ರತ್ಯೇಕ ಬಿಲ್ ಹಾಕುವುದಿಲ್ಲ, ಸರ್ವಿಸ್ ಚಾರ್ಜಿನಲ್ಲೇ ಸೇರಿಸುತ್ತಾರೆ.

ಪ್ರೊಸೆಸರ್ ವಿಷಯದಲ್ಲಿ ಕೊನೇ ಮಾತು ಮದರ್‌ಬೋರ್ಡಿನದು. ಇಂಟೆಲ್‌ನ ಕೋರ್ 2 ಕಾಲದ ಬೋರ್ಡಿಗೆ 775ರ ಸಾಕೆಟ್, ಎರಡನೇ ಮತ್ತು ಮೂರನೇ ತಲೆಮಾರಿನ ಐ3, ಐ5ಗಳಿಗೆ 1155. ಸಾಕೆಟ್ ಹೊಂದಿದ ಮಾತ್ರಕ್ಕೆ ಸಂಬಂಧ ಕೂಡಿಬರಬೇಕೆಂದಿಲ್ಲ; ಕಂಪನಿಯ ಬಯಾಸ್ ಒಪ್ಪದಿದ್ದರೆ ಪರದೆ ಕಪ್ಪಗೇ ಇರುತ್ತದೆ. ಹಲವು 1155 ಬೋರ್ಡುಗಳಲ್ಲಿ ಮೂರನೇ ತಲೆಮಾರಿನದನ್ನು ಹಾಕುವ ಮುಂಚೆ, ಹಳೆಯದು ಇರುವಾಗಲೇ, ಬಯಾಸ್ ಅಪ್‌ಡೇಟ್ ಮಾಡಬೇಕು. ಆ ಹೊತ್ತಿನಲ್ಲಿ ಕರೆಂಟ್ ಹೋದರೆ ಬೋರ್ಡೇ ಹೋಗಬಹುದಾದ್ದರಿಂದ ಯುಪಿಎಸ್ ಬೇಕು. ಐ3-2100 ಇದ್ದಲ್ಲಿ ಐ5-2400 ಕೂರಿಸಿದರೆ 65 ವ್ಯಾಟ್ 95 ಆಗುತ್ತದೆ, ಹಳೇ ಫ್ಯಾನಿಗೆ ಅದು ಹೆಚ್ಚಾಗಬಹುದು. ಪ್ರೊಸೆಸರ್ ಮೇಲೆ ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದನ್ನು ತೊಗರಿಕಾಳಿನಷ್ಟು ಇಟ್ಟರೆ ಸಾಕು, ಚಟ್ನಿ ಸವರಿದಂತೆ ಸವರಬಾರದು. ಸಾಕೆಟ್ಟಿನ ಪಿನ್ನುಗಳಿಗಂತೂ ಬೆರಳು ತಾಗಿಸಲೇಬಾರದು.

ಸೆಕೆಂಡ್ ಹ್ಯಾಂಡ್ ಬಿಡಿಭಾಗ ದಾವಣಗೆರೆಯಲ್ಲಿ ಸಿಗದಿದ್ದರೆ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ ಇದ್ದೇ ಇದೆ. ಆದರೆ ಎಷ್ಟು ಸಿಂಗರಿಸಿದರೂ ಈ ಹಳೇ ಸಿಸ್ಟಮ್‌ಗಳು ವಿಂಡೋಸ್ 11ರ ಅಧಿಕೃತ ಪಟ್ಟಿಗೆ ಸೇರವು. ಇಂಟೆಲ್‌ನಲ್ಲಿ ಅದಕ್ಕೆ ಸಾಮಾನ್ಯವಾಗಿ ಎಂಟನೇ ತಲೆಮಾರಾದರೂ ಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದ್ದರಿಂದ 775ರ ಸಿಸ್ಟಮ್ಮಿನ ಪ್ರೊಸೆಸರಿಗೆ ದುಡ್ಡು ಹಾಕಬೇಡಿ. 1155 ಆದರೆ ರ್‍ಯಾಮ್, ಎಸ್‌ಎಸ್‌ಡಿ ಹಾಕಿಸಿ. ಅದೂ ಸಾಲದಿದ್ದರೆ ಮಾತ್ರ ಹಳೇ ಐ5 ಹುಡುಕಿ.