ಚಂದಾ ಮೀಮಾಂಸೆ: ಬೀದಿ ಗಣಪತಿಯ ಕರನೀತಿಗೊಂದು ಭಾಷ್ಯ

ಪೀಠಿಕೆ

ತೆರಿಗೆಯ ಧರ್ಮಾಧರ್ಮ ವಿಚಾರಿಸಿದ ಪಂಡಿತರೆಲ್ಲ ರಾಜಧಾನಿಯಿಂದ ಹೊರಟು ದಾರಿ ತಪ್ಪಿದ್ದಾರೆ. 1857ರ ದಂಗೆಯನ್ನು ಅಡಗಿಸಿದ ಖರ್ಚು ಬೊಕ್ಕಸಕ್ಕೆ ಭಾರವಾಗಿ, 1860ರಲ್ಲಿ ಜೇಮ್ಸ್ ವಿಲ್ಸನ್ ಸಾಹೇಬರು ನಮಗೆ ಆದಾಯ ತೆರಿಗೆ ದಯಪಾಲಿಸಿದರು. ಏಟು ತಿಂದವರೇ ಕೋಲಿನ ಬಾಡಿಗೆ ಕೊಟ್ಟರು ಎಂದು ಇದರ ಅರ್ಥ. 2017ರ ಜುಲೈ 1ರಂದು ಜಿಎಸ್‌ಟಿ ಬಂತು. ಈ ಎರಡರ ಮೇಲೆ ಗ್ರಂಥಗಳ ರಾಶಿಯೇ ಇದೆ. ಆದರೆ 1893ರಲ್ಲಿ ಪುಣೆಯಲ್ಲಿ ತಿಲಕರು ನಡುಮನೆಯ ಗಣಪತಿಯನ್ನು ಸಾರ್ವಜನಿಕ ಉತ್ಸವಮೂರ್ತಿಯಾಗಿಸಿದಂದಿನಿಂದ ನಾಡಿನ ಬೀದಿಬೀದಿಗಳಲ್ಲಿ ಬೆಳೆದ ಮೂರನೆಯ ತೆರಿಗೆಯನ್ನು ಯಾವ ಪಂಡಿತನೂ ಕಣ್ಣೆತ್ತಿ ನೋಡಿಲ್ಲ. ಅದೇ ಚಂದಾ. ಆ ಕೊರತೆಯನ್ನು ನೀಗಲು ನಮ್ಮ ಬೀದಿಯ ಪೆಂಡಾಲಿನ ಹಿಂದೆ ಕುಳಿತು ಈ ಸೂತ್ರಗಳನ್ನು ರಚಿಸಿದ್ದೇನೆ. ಮಂದಬುದ್ಧಿಗಳಿಗಾಗಿ ಭಾಷ್ಯವನ್ನೂ ನಾನೇ ಬರೆದಿದ್ದೇನೆ.

ಸೂತ್ರ 1: ಗೇಟಿನ ಸದ್ದೇ ನೋಟೀಸು.

ಚಂದಾ ಐಚ್ಛಿಕ. ಕೊಡುವುದು ಬಿಡುವುದು ನಿಮ್ಮ ಇಚ್ಛೆ. ವಿಸರ್ಜನೆಯವರೆಗೆ ಧ್ವನಿವರ್ಧಕದ ಬಾಯಿ ಯಾರ ಕಿಟಕಿಯ ಕಡೆಗಿರಬೇಕು ಎಂಬುದು ಹುಡುಗರ ಇಚ್ಛೆ. ಇಂಥ ಐಚ್ಛಿಕ ವಸೂಲಿಗೆ ಶಾಸ್ತ್ರಾಧಾರ ಉಂಟು. ಆರ್. ಶಾಮಾಶಾಸ್ತ್ರಿಗಳಿಗೆ 1905ರಲ್ಲಿ ನಮ್ಮ ಮೈಸೂರಿನಲ್ಲೇ ತಾಳೆಗರಿಯಲ್ಲಿ ದೊರೆತ ಕೌಟಿಲ್ಯನ ಅರ್ಥಶಾಸ್ತ್ರವನ್ನು ನೋಡಿ. ಬೊಕ್ಕಸ ಬರಿದಾದಾಗ ರಾಜನು ಪ್ರಜೆಗಳನ್ನು ಬೇಡಿ ಎತ್ತುವ ಕರಕ್ಕೆ ಅಲ್ಲಿ ‘ಪ್ರಣಯ’ ಎಂದು ಹೆಸರು. ಅದನ್ನು ಒಮ್ಮೆ ಮಾತ್ರ ಮಾಡಬೇಕು, ಎರಡನೆಯ ಸಲ ಕೂಡದು ಎಂದು ಆಚಾರ್ಯರ ಕಟ್ಟಪ್ಪಣೆ. ನಮ್ಮ ಬೀದಿಯಲ್ಲಿ ಮೇಲಿನ ಕ್ರಾಸಿನ ಸಮಿತಿಯೊಂದು, ಕೆಳಗಿನ ಕ್ರಾಸಿನ ಸಮಿತಿಯೊಂದು, ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಎರಡೂ ಕೂಡಿ ಇನ್ನೊಂದು. ವರ್ಷಕ್ಕೆ ಮೂರು ಪ್ರಣಯ ಗೃಹಸ್ಥನಿಗೆ ಎಷ್ಟರ ಮಟ್ಟಿಗೆ ಸಲ್ಲುತ್ತದೆ ಎಂಬುದನ್ನು ಧರ್ಮಶಾಸ್ತ್ರಜ್ಞರೇ ತೀರ್ಮಾನಿಸಲಿ.

ಸೂತ್ರ 2: ಮೊದಲ ಸಾಲು ಸುಳ್ಳಾದರೆ ಉಳಿದವು ನಿಜವಾಗುತ್ತವೆ.

ರಸೀದಿ ಪುಸ್ತಕದ ಮೊದಲ ಹಾಳೆಯಲ್ಲಿ ಯಾವಾಗಲೂ ‘5,001’ ಎಂದು ದಪ್ಪಗೆ ಬರೆದಿರುತ್ತದೆ. ಹುಡುಗರು ಅದನ್ನು ಮಡಿಸಿ ಹಿಡಿದು, ಹೆಸರು ಕಾಣದಂತೆ ಮೊತ್ತ ಮಾತ್ರ ತೋರಿಸುತ್ತಾರೆ. “ನಮ್ಮ ಬೀದಿಯ ಹಿರಿಯರೊಬ್ಬರು ಕೊಟ್ಟಿದ್ದು ಸಾರ್, ನೀವು ನೋಡಿ ಮಾಡಿ” ಎನ್ನುತ್ತಾರೆ. ಇದನ್ನು ಪುಂಡಾಟವೆಂದು ತಿಳಿಯುವವರು ಅಜ್ಞಾನಿಗಳು. ರಾಜನ ಕಡೆಯ ಗೂಢಚಾರರು ಜನರ ನಡುವೆ ನಿಂತು ಮೊದಲು ತಾವೇ ಭಾರಿ ಮೊತ್ತ ಕೊಟ್ಟಂತೆ ಮಾಡಬೇಕು, ಆಮೇಲೆ ಕಡಿಮೆ ಕೊಟ್ಟವರನ್ನು ಜರೆಯಬೇಕು ಎಂದು ಅರ್ಥಶಾಸ್ತ್ರದಲ್ಲಿ ಸ್ಪಷ್ಟವಾಗಿದೆ. ಹುಡುಗರಲ್ಲಿ ಒಬ್ಬನೂ ಆ ಗ್ರಂಥ ಓದಿಲ್ಲ. ಜ್ಞಾನವು ಪರಂಪರೆಯಲ್ಲಿ ಹರಿಯುತ್ತದೆ ಎಂಬುದಕ್ಕೆ ಬೇರೆ ಪುರಾವೆ ಏಕೆ?

ಸೂತ್ರ 3: ಮನೆ ನೋಡಿ ಮಣೆ, ಮಾಳಿಗೆ ನೋಡಿ ಚಂದಾ.

2024ರ ಡಿಸೆಂಬರಿನಲ್ಲಿ ಜೈಸಲ್ಮೇರಿನಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ಪಾಪ್‌ಕಾರ್ನ್‌ಗೆ ಮೂರು ವರ್ಣಗಳನ್ನು ವಿಧಿಸಿತು: ಬಿಡಿಯಾಗಿ ಉಪ್ಪು ಖಾರ ಬೆರೆಸಿದ್ದಕ್ಕೆ ಶೇ 5, ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದರೆ ಶೇ 12, ಕ್ಯಾರಮೆಲ್ ಬಳಿದರೆ ಶೇ 18. ನಮ್ಮ ಸಮಿತಿಯ ವರ್ಗೀಕರಣ ಇದಕ್ಕಿಂತ ಸರಳ. ಶೀಟಿನ ಮನೆಗೆ 101, ತಾರಸಿಗೆ 251, ತಾರಸಿಯ ಮೇಲೆ ತಾರಸಿ ಎದ್ದಿದ್ದರೆ 501, ಬಾಗಿಲಲ್ಲಿ ಕಾರು ನಿಂತಿದ್ದರೆ 1,001. ಉಳ್ಳವರು ಹೆಚ್ಚು ಕೊಡಲಿ ಎಂಬ ತತ್ವವನ್ನು ಅರ್ಥಶಾಸ್ತ್ರಜ್ಞರು ಸಾವಿರ ಪುಟಗಳಲ್ಲಿ ಹೇಳಿದ್ದರೆ ಹುಡುಗರು ತಲೆಯೆತ್ತಿ ಮಹಡಿ ಎಣಿಸಿ ಮುಗಿಸುತ್ತಾರೆ.

ಎಲ್ಲ ಮೊತ್ತಗಳ ತುದಿಯಲ್ಲೂ ನಿಂತಿರುವ ಆ ಒಂದು ರೂಪಾಯಿಯೇ ಸೆಸ್. ದೆಹಲಿಯ ಸೆಸ್ ರಾಜ್ಯಗಳಿಗೆ ಹಂಚುವ ಲೆಕ್ಕಕ್ಕೆ ಬರುವುದಿಲ್ಲ. ಈ ರೂಪಾಯಿ ಯಾವ ಲೆಕ್ಕಕ್ಕೂ ಬರುವುದಿಲ್ಲ.

ವಿನಾಯಕನಿದ್ದಲ್ಲಿ ವಿನಾಯಿತಿಯೂ ಇರಲೇಬೇಕು. ವಿಜಯನಗರದಲ್ಲಿ ಕ್ಷೌರಿಕರ ಮೇಲಿದ್ದ ತೆರಿಗೆಯನ್ನು ಅಳಿಯ ರಾಮರಾಯನಿಗೆ ಕ್ಷೌರ ಮಾಡುತ್ತಿದ್ದ ಕೊಂಡೋಜ ಮನ್ನಾ ಮಾಡಿಸಿದ. ದೊರೆಯ ಗಲ್ಲದಡಿ ಕತ್ತಿ ಹಿಡಿದವನ ಅಹವಾಲು ಬೇಗ ಇತ್ಯರ್ಥವಾಗುವುದು ಸಹಜ. ನಮ್ಮಲ್ಲಿ ಕಟ್ಟದ ನಾಯಿಯಿರುವ ಮನೆಗಳು ಇದೇ ನ್ಯಾಯದಿಂದ ಪೂರ್ಣ ವಿನಾಯಿತಿ ಪಡೆದಿವೆ.

ಸೂತ್ರ 4: ಮೀನು ನೀರು ಕುಡಿದದ್ದು ಕಂಡವರಿಲ್ಲ.

ನೀರೊಳಗಿನ ಮೀನು ನೀರು ಕುಡಿಯುವುದನ್ನು ಪತ್ತೆಹಚ್ಚಲಾಗದು, ಖಜಾನೆಯ ಅಧಿಕಾರಿಯೂ ಹಾಗೆಯೇ ಎಂಬ ಕೌಟಿಲ್ಯನ ಉಪಮೆ ಪ್ರಸಿದ್ಧ. ಹಣ ನುಂಗುವ ನಲವತ್ತು ದಾರಿಗಳನ್ನೂ ಆತ ಪಟ್ಟಿ ಮಾಡಿದ್ದಾನೆ. ನಮ್ಮ ಸಮಿತಿಯ ಜಮಾಖರ್ಚಿನಲ್ಲಿ ಆ ನಲವತ್ತೂ ‘ಇತರೆ’ ಎಂಬ ಒಂದೇ ಪದದೊಳಗೆ ಅಡಗಿವೆ. ಸಂಕ್ಷೇಪದಲ್ಲಿ ಹುಡುಗರು ಆಚಾರ್ಯರನ್ನೂ ಮೀರಿಸಿದ್ದಾರೆ.

ಸೂತ್ರ 5: ಡಬ್ಬಿ ನ್ಯಾಯ.

ಕಾಕತಾಲೀಯ ನ್ಯಾಯ, ಮಾರ್ಜಾಲ ನ್ಯಾಯಗಳ ಸಾಲಿಗೆ ನಾನು ಸೇರಿಸುತ್ತಿರುವ ಹೊಸ ನ್ಯಾಯ ಇದು. ಕೊನೆಯ ದಿನ ಪೆಂಡಾಲಿನಲ್ಲಿ ಪುಳಿಯೋಗರೆ, ಕೋಸಂಬರಿ ಹಂಚುತ್ತಾರೆ. ಸಾಲಿನಲ್ಲಿ ನಿಂತವರ ಬಳಿ ಯಾರೂ ರಸೀದಿ ಕೇಳುವುದಿಲ್ಲ. ಸಮಾಜ ಕಲ್ಯಾಣದ ಪರಮಾವಸ್ಥೆ ಇದು. ಚಂದಾ ಕೇಳಲು ಹೋದಾಗ “ಇದೆಲ್ಲ ದುಂದು” ಎಂದು ಬಾಗಿಲು ಹಾಕಿಕೊಂಡ, ತಾರಸಿಯ ಮೇಲೆ ತಾರಸಿಯುಳ್ಳ ನಿವೃತ್ತ ಇಂಜಿನಿಯರರು ಆ ದಿನ ಸ್ಟೀಲ್ ಡಬ್ಬಿಯೊಂದಿಗೆ ಬರುತ್ತಾರೆ. ಎಲ್ಲರೂ ದೊನ್ನೆಯಲ್ಲಿ ತಿಂದರೆ ಇವರು ಡಬ್ಬಿಯಲ್ಲಿ ಒಯ್ಯುತ್ತಾರೆ. ಕೊಡುವಾಗ ಒಂಟಿ, ಪಡೆಯುವಾಗ ಕುಟುಂಬ: ಇದೇ ಡಬ್ಬಿ ನ್ಯಾಯ.

ಪೂರ್ವಪಕ್ಷ

ಡಬ್ಬಿ ತುಂಬುವವರೆಗೆ ಇಂಜಿನಿಯರರು ಒಂದು ವಾದ ಮಂಡಿಸಿದರು. “ಸರ್ಕಾರ ಬಿಟ್ಟಿ ಭಾಗ್ಯ ಕೊಟ್ಟು ಜನರನ್ನು ಸೋಮಾರಿ ಮಾಡಿದೆ. ನೋಡಿ ಆ ಹೂವಿನಮ್ಮನ್ನ, 2023ರ ಜೂನಿನಿಂದ ಬಸ್ಸಿಗೆ ಒಂದು ಪೈಸೆ ಕೊಟ್ಟಿಲ್ಲ. ಮೇಲೆ ತಿಂಗಳಿಗೆ ಎರಡು ಸಾವಿರ ಬೇರೆ. ಎಲ್ಲ ನಮ್ಮ ಟ್ಯಾಕ್ಸ್ ದುಡ್ಡು!”

ಹೂವಿನಮ್ಮ ಬೆಳಗಿನ ಜಾವದ ಬಸ್ಸಿನಲ್ಲಿ ಮಾರುಕಟ್ಟೆಗೆ ಹೋಗಿ ಹೂ ತಂದು ಕಟ್ಟುವವಳು. ಶೀಟಿನ ಮನೆಯ 101 ರೂಪಾಯಿಯನ್ನು ಸೆಸ್ ಸಮೇತ ಕೊಟ್ಟು, ಗಣಪತಿಗೊಂದು ಮೊಳ ಮಲ್ಲಿಗೆಯನ್ನೂ ಏರಿಸಿದ್ದಳು. ಆಕೆ ಇಷ್ಟೇ ಹೇಳಿದಳು: “ಅಣ್ಣಾ, ಸೋಪಿಗೆ ನಂಗೊಂದು ರೇಟು ನಿಂಗೊಂದು ರೇಟು ಐತಾ?”

ಜಿಎಸ್‌ಟಿಯ ಇಡೀ ತತ್ವ ಈ ಒಂದು ಪ್ರಶ್ನೆಯಲ್ಲಿದೆ. ಸೋಪಿನಂಗಡಿಯವನು ಮಹಡಿ ಎಣಿಸುವುದಿಲ್ಲ. ಆ ಮಟ್ಟಿಗೆ ನಮ್ಮ ಹುಡುಗರೇ ಹೆಚ್ಚು ಧರ್ಮಿಷ್ಠರು.

ಸೂತ್ರ 6: ಬಿಟ್ಟಿ ಶಬ್ದದ ನಿರ್ಣಯ.

ವಾದ ಇತ್ಯರ್ಥಕ್ಕೆ ನಿಘಂಟನ್ನೇ ಕರೆಯಬೇಕಾಯಿತು. ಬಿಟ್ಟಿ ಎಂಬುದು ಸಂಸ್ಕೃತದ ‘ವಿಷ್ಟಿ’ಯ ತದ್ಭವ. ಕೂಲಿಯಿಲ್ಲದೆ ದೊರೆಗೆ, ಊರಗೌಡನಿಗೆ ಬಡವ ಮಾಡಿಕೊಡಲೇಬೇಕಾದ ದುಡಿಮೆ ಎಂದು ಅದರ ಮೂಲಾರ್ಥ. ಶಾಸನಗಳಲ್ಲಿ ಬಿಟ್ಟಿಯು ಕರಗಳ ಸಾಲಿನಲ್ಲೇ ಬರುತ್ತದೆ. ಕಾಸಿಲ್ಲದವನು ಬೆನ್ನಿನಿಂದ ಕಟ್ಟುತ್ತಿದ್ದ ತೆರಿಗೆ ಅದು. ಕೆರೆ, ಕೋಟೆ, ರಸ್ತೆಗಳು ಹೀಗೆ ಎದ್ದವು. ಶತಮಾನಗಳ ಕಾಲ ಬಡವ ಕೊಟ್ಟದ್ದಕ್ಕಿದ್ದ ಹೆಸರನ್ನು ಈಗ ಬಡವ ಪಡೆದದ್ದಕ್ಕೆ ಇಟ್ಟಿದ್ದೇವೆ. ಶಬ್ದ ಪಕ್ಷಾಂತರ ಮಾಡಿದ್ದು ಯಾರ ಗಮನಕ್ಕೂ ಬರಲಿಲ್ಲ.

ಉಳ್ಳವರು ಪಡೆದದ್ದಕ್ಕೆ ಬೇರೆ ಶಬ್ದಗಳಿವೆ. 2019ರಲ್ಲಿ ಕಂಪನಿ ತೆರಿಗೆಯನ್ನು ಶೇ 30ರಿಂದ 22ಕ್ಕೆ ಇಳಿಸಿದಾಗ ಅದು ‘ಉತ್ತೇಜನ’. ಇಂಜಿನಿಯರರು ಏಪ್ರಿಲಿನಲ್ಲೇ ಮನೆಗಂದಾಯ ಕಟ್ಟಿ ಶೇ 5 ಉಳಿಸಿದರೆ ಅದು ‘ರಿಬೇಟ್’. ಅವರ ಮನೆಯಲ್ಲಿ ಇನ್ನೂರು ಯೂನಿಟ್ಟಿನೊಳಗೆ ಬಂದ ಸೊನ್ನೆಯ ಕರೆಂಟ್ ಬಿಲ್ಲು ‘ನಮ್ಮ ಹಕ್ಕು’. ಬಸ್ ಹತ್ತಿದ ಹೂವಿನಮ್ಮನ ಪಾಲಿಗೆ ಉಳಿದದ್ದು ಬಿಟ್ಟಿ.

ಇದನ್ನೆಲ್ಲ ವಿವರಿಸಿದಾಗ ಇಂಜಿನಿಯರರು ಡಬ್ಬಿಯ ಮುಚ್ಚಳ ಒತ್ತಿ, “ಕೋಸಂಬರಿ ಸಪ್ಪೆ” ಎಂದು ಹೊರಟುಹೋದರು.

ಫಲಶ್ರುತಿ

ಈ ಮೀಮಾಂಸೆಯನ್ನು ಭಕ್ತಿಯಿಂದ ಓದಿದವರಿಗೆ ರಸೀದಿ ಸಿಗುವುದಿಲ್ಲ. ಗ್ರಂಥಕರ್ತನಿಗೆ ಮಾತ್ರ ಫಲ ದೊರೆತಿದೆ. ವಿಸರ್ಜನೆಯ ಸಂಜೆ ಸಮಿತಿಯವರು ನನ್ನನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಹಾರ ಹಾಕಿ, ಮೈಕಿನಲ್ಲಿ “ಮಹಾದಾನಿಗಳು” ಎಂದು ಘೋಷಿಸಿದರು. ಆಗಲೇ ರಸೀದಿ ಪುಸ್ತಕದ ಮೊದಲ ಹಾಳೆಯನ್ನು ಬಿಡಿಸಿ ನೋಡಿದ್ದು. 5,001ರ ಮುಂದಿದ್ದದ್ದು ನನ್ನ ಹೆಸರು. ನಾನು ಕೊಟ್ಟದ್ದು 101. ಹಾರ ಕಟ್ಟಿದ್ದು ಹೂವಿನಮ್ಮ. ಅದರ ದುಡ್ಡು ಇನ್ನೂ ಬಂದಿಲ್ಲ ಎಂದು ಆಕೆ ಮರುದಿನ ಹೇಳಿದಳು.

ಶಾಲನ್ನು ಹಿಂದಿರುಗಿಸಿಲ್ಲ. ಅದನ್ನು ಏನೆಂದು ಕರೆಯಬೇಕೆಂದು ನಿಘಂಟು ನೋಡುತ್ತಿದ್ದೇನೆ. ‘ಬಿ’ ಅಕ್ಷರವೊಂದನ್ನು ಬಿಟ್ಟು ಉಳಿದೆಲ್ಲ ಪುಟಗಳನ್ನು.