ಟಾರ್ಕಣ್ಣ

ಮಾಗಡಿ ರಸ್ತೆಯಿಂದ ಕಾಮಾಕ್ಷಿಪಾಳ್ಯದ ಒಳಕ್ಕೆ ಯಾವ ಕ್ರಾಸ್ ಹಿಡಿದು ಹೋದರೂ ಒಂದು ಬೇಕರಿ, ಬೇಕರಿ ಮುಂದೆ ಬಾಡಿಗೆಗೆ ಕಾದು ನಿಂತ ನಾಲ್ಕಾರು ಗೂಡ್ಸ್ ಗಾಡಿ, ಗಾಡಿಗಳ ನಡುವೆ ಒಬ್ಬ ಟಾರ್ಕಣ್ಣ ಸಿಕ್ಕೇ ಸಿಗುತ್ತಾರೆ. ಹೆತ್ತವರಿಟ್ಟ ಹೆಸರು ಬೇರೆ ಇರುತ್ತದೆ. ಅದನ್ನು ಈಗ ಬಳಸುವವರು ಆರ್‌ಟಿಒದವರು ಮತ್ತು ಫೈನಾನ್ಸ್‌ನವರು ಮಾತ್ರ. ವಯಸ್ಸು ಐವತ್ತು ದಾಟಿದೆ. ಅಂಗಿ ಜೇಬಿನಲ್ಲಿ ಟೈರಿನ ಗಾಳಿ ನೋಡುವ ಗೇಜು, ಕಿವಿಸಂದಿಯಲ್ಲಿ ಬಾಲ್‌ಪೆನ್ನು. ರಸ್ತೆಗೆ ಬೆನ್ನು ಹಾಕಿ ಟೀ ಕುಡಿಯುತ್ತಿದ್ದರೂ ಹಿಂದೆ ಹೋದ ಗಾಡಿ ಯಾವುದು, ಎಷ್ಟು ಲೋಡು ಎಂದು ಸದ್ದಿನಲ್ಲೇ ಹೇಳುತ್ತಾರೆ. "ಏಸು. ಒಂದು ನಾಝಲ್ ಹೋಗೈತೆ. ಒಂದೂಕಾಲು ಟನ್ ಹಾಕವ್ನೆ." ತಿರುಗಿ ನೋಡಿದರೆ ಟಾಟಾ ಏಸ್ ಆಗಿರುತ್ತದೆ, ಕಬ್ಬಿಣವನ್ನೂ ಹೇರಿಕೊಂಡಿರುತ್ತದೆ. ನಾಝಲ್ ಸಂಗತಿಯನ್ನು ಬಿಚ್ಚಿ ನೋಡಲು ಯಾರಿಗೂ ಪುರುಸೊತ್ತಿಲ್ಲ, ಆದ್ದರಿಂದ ಅದೂ ನಿಜ.

ಈ ವಿದ್ಯೆ ಇಲ್ಲಿ ಬೆಳೆದದ್ದಕ್ಕೆ ಕಾರಣವಿದೆ. ಮನೆ ಯಾವುದು, ಕಾರ್ಖಾನೆ ಯಾವುದು ಎಂದು ಬಾಗಿಲು ತೆರೆದ ಮೇಲೇ ಗೊತ್ತಾಗುವ ಊರಿದು. ಕೆಳಗೆ ಲೇತು, ಮೇಲೆ ಸಂಸಾರ. ಪಕ್ಕಕ್ಕೆ ಪವರ್ ಪ್ರೆಸ್ಸು, ಎದುರಿಗೆ ಪೌಡರ್ ಕೋಟಿಂಗು. ಅಂಗೈಯಗಲದ ಬ್ರಾಕೆಟ್ಟೊಂದು ಈ ಕ್ರಾಸಿನಲ್ಲಿ ಕತ್ತರಿಸಿಕೊಂಡು, ಆ ಕ್ರಾಸಿನಲ್ಲಿ ತೂತು ಹೊಡೆಸಿಕೊಂಡು, ಇನ್ನೊಂದರಲ್ಲಿ ಪ್ಲೇಟಿಂಗ್ ಮಾಡಿಸಿಕೊಂಡು ಪೀಣ್ಯಕ್ಕೆ ಹೊರಡುತ್ತದೆ. ನಡುವಿನ ಓಡಾಟವೆಲ್ಲ ಗಾಡಿಯದ್ದು. ಹೀಗಾಗಿ ಬೇರೆ ಬಡಾವಣೆಗಳ ಟೀ ಅಂಗಡಿಯಲ್ಲಿ ರಾಜಕೀಯ, ಕ್ರಿಕೆಟ್ಟು ಕೂರುವ ಜಾಗದಲ್ಲಿ ಇಲ್ಲಿ ಪವರು, ಪುಲ್ಲಿಂಗು, ಲುಕ್ಕು ಎಂಬ ಮೂರು ವಿಷಯ ಕೂತಿವೆ. ಪಕ್ಷಗಳೂ ಮೂರೇ: ಟಾಟಾ, ಮಹೀಂದ್ರ, ಲೇಲ್ಯಾಂಡ್. ಮಾರುತಿಯ ಸೂಪರ್ ಕ್ಯಾರಿ ತಂದವರನ್ನು ಪಕ್ಷೇತರರೆಂದು ಪರಿಗಣಿಸಿ ಟೀ ಕೊಡಿಸುತ್ತಾರೆ, ಮತ ಕೇಳುವುದಿಲ್ಲ.

ಟಾರ್ಕಣ್ಣ ಯಾವ ಪಕ್ಷ? ಇದು ಕೇಳಬಾರದ ಪ್ರಶ್ನೆ. ಅವರು ನ್ಯಾಯಾಧೀಶರು. ಆದರೆ ಹಳೆಯ ಟಾಟಾ 407ರ ಸುದ್ದಿ ಬಂದರೆ ದನಿ ಸ್ವಲ್ಪ ಒದ್ದೆಯಾಗುತ್ತದೆ. 1986ರಲ್ಲಿ ಬಂದ ಗಾಡಿ ಅದು. ಟಾರ್ಕಣ್ಣ ಅದರಲ್ಲಿ ಕ್ಲೀನರ್ ಆಗಿ ಹತ್ತಿ ಡ್ರೈವರ್ ಆಗಿ ಇಳಿದವರು. ಆಮೇಲಿನದ್ದೆಲ್ಲ ಅವರ ಲೆಕ್ಕದಲ್ಲಿ ಕಲಿಯುಗ.

2005ರ ಮೇ ತಿಂಗಳಲ್ಲಿ ಟಾಟಾ ಏಸ್ ಬಂದಾಗ ಟಾರ್ಕಣ್ಣ ನಕ್ಕಿದ್ದರಂತೆ. ಎರಡೇ ಸಿಲಿಂಡರು, 702 ಸಿಸಿ, 16 ಕುದುರೆ ಶಕ್ತಿ. ಹೊರುವ ತೂಕ ಕಾಗದದ ಮೇಲೆ 750 ಕೆ.ಜಿ. ಮೂರು ಚಕ್ರದ ಲಗೇಜ್ ಆಟೊಗೆ ನಾಲ್ಕನೇ ಚಕ್ರ ಸಿಕ್ಕಿದೆ, ಅಷ್ಟೇ ಎಂಬುದು ಅಂದಿನ ತೀರ್ಪು. ಎರಡು ವರ್ಷ ಕಳೆಯುವಷ್ಟರಲ್ಲಿ ಸ್ಟ್ಯಾಂಡಿನ ಅರ್ಧ ಜಾಗ ಏಸ್‌ಗಳೇ ತುಂಬಿಕೊಂಡವು. ಉತ್ತರದ ಕಡೆಯವರು ಅದಕ್ಕೆ ಛೋಟಾ ಹಾಥಿ ಎಂದು ಹೆಸರಿಟ್ಟರು, ತಮಿಳರು ಕುಟ್ಟಿ ಯಾನೈ ಎಂದರು. ಟಾರ್ಕಣ್ಣ ತೀರ್ಪು ಬದಲಿಸಲಿಲ್ಲ, ಕಾನೂನು ಬದಲಿಸಿದರು. "ಪವರ್ ನೋಡ್ಬಾರ್ದು ಕಣ್ಲಾ, ಟಾರ್ಕ್ ನೋಡ್ಬೇಕು. ನನ್ ಮಗನ 160 ಸಿಸಿ ಬೈಕಿಗೂ ಹದಿನಾರು ಚಿಲ್ಲರೆ ಕುದುರೆ ಐತೆ. ಅದ್ರ ಹಿಂದೆ ಒಂದು ಟನ್ ಕಾಸ್ಟಿಂಗ್ ಕಟ್ಟು, ನೋಡಾಣ. ಪವರ್ ಅನ್ನೋದು ಓಡೋ ಹುಡುಗ್ರಿಗೆ. ಟಾರ್ಕ್ ಅನ್ನೋದು ಸಂಸಾರಸ್ಥರಿಗೆ." ಅಂದಿನಿಂದ ಬಂದದ್ದು ಈ ಬಿರುದು. ಭೌತಶಾಸ್ತ್ರದ ಮೇಷ್ಟ್ರು ಇದಕ್ಕಿಂತ ಉದ್ದವಾಗಿ ಹೇಳುತ್ತಾರೆ, ಚೆನ್ನಾಗಿ ಹೇಳುತ್ತಾರೆಂದು ನನಗನಿಸಿಲ್ಲ.

ಯಾರಾದರೂ ಹೊಸ ಗಾಡಿ ತೆಗೆದುಕೊಳ್ಳುತ್ತೇನೆಂದು ಬಾಯಿ ಬಿಟ್ಟರೆ ಟಾರ್ಕಣ್ಣನ ಹಬ್ಬ. ಆಗ ನಡೆಯುವುದು ಗಾಡಿ ವ್ಯಾಪಾರವಲ್ಲ, ಸಾಲಾವಳಿ ನೋಡುವ ಕಾರ್ಯ. ಹುಡುಗನ ಕಡೆಯಿಂದ ಕಸುಬು, ರೂಟು, ಡ್ರೈವರಿನ ಸ್ವಭಾವ. ಹೆಣ್ಣಿನ ಕಡೆಯಿಂದ ಸಿಸಿ, ಗೇರು, ಸ್ಪ್ರಿಂಗ್ ಪ್ಲೇಟು. ಪೌಡರ್ ಕೋಟಿಂಗ್ ಇಟ್ಟುಕೊಂಡ ಹುಡುಗನೊಬ್ಬ ಒಂದು ಸಂಜೆ ಸಿಕ್ಕಿಬಿದ್ದ.

"ಅಣ್ಣಾ, ಏಸ್ ಸಾಕಾ, ದೋಸ್ತ್ ತಗೊಳ್ಳಾ?"

"ಏನ್ ಹಾಕ್ತೀಯಾ ಗಾಡಿಗೆ?"

"ಎಂಎಸ್ ಪೈಪು, ಗ್ರಿಲ್ಲು, ಬಾಗಿಲು."

ಟಾರ್ಕಣ್ಣ ಕಣ್ಣು ಮುಚ್ಚಿದರು. ದೋಸ್ತ್‌ಗೆ ಒಂದೂವರೆ ಲೀಟರಿನ ಮೂರು ಸಿಲಿಂಡರು, ಒಂದೂಕಾಲು ಟನ್ನಿನ ಲೋಡು. 2011ರಲ್ಲಿ ಲೇಲ್ಯಾಂಡ್‌ನವರು ನಿಸ್ಸಾನ್ ಜೊತೆ ಸೇರಿ ತಂದದ್ದು. ಅತ್ತಿಬೆಲೆ ದಾಟಿದರೆ ಹೊಸೂರು, ಅಲ್ಲೇ ಫ್ಯಾಕ್ಟರಿ, ಅಂದರೆ ತವರು ಹತ್ತಿರ. ಮಹೀಂದ್ರದ ಬೊಲೆರೊ ಪಿಕಪ್ಪಿಗೆ 2523 ಸಿಸಿ, ನಾಲ್ಕು ಸಿಲಿಂಡರು. ಉದ್ದನೆ ಮಾಡೆಲ್ ತಗೊಂಡರೆ 1.7 ಟನ್, ಒಂಬತ್ತಡಿ ತೊಟ್ಟಿ. ಏಸ್‌ನದ್ದು ಏಳಡಿ, ದೋಸ್ತ್‌ದು ಎಂಟಡಿ ಮೇಲೆ ಸ್ವಲ್ಪ. ಇಷ್ಟನ್ನೂ ಉಸಿರು ಕಟ್ಟಿ ಹೇಳಿ ಮುಗಿಸುವ ಹೊತ್ತಿಗೆ ಮೂರು ಪಕ್ಷದವರೂ ಸುತ್ತ ಸೇರಿದ್ದರು. ಏಳಡಿ ಹೆಚ್ಚೋ ಒಂಬತ್ತಡಿ ಹೆಚ್ಚೋ ಎಂದು ವಾದ ಎದ್ದಿತು. ತೊಟ್ಟಿ ದೊಡ್ಡದಾದರೆ ಲಾಭ ಎಂದು ಮಹೀಂದ್ರ ಕಡೆಯವರು. ತೊಟ್ಟಿ ದೊಡ್ಡದಾದರೆ ಪಾರ್ಟಿಯವನು ಅದೇ ಬಾಡಿಗೆಗೆ ಇನ್ನೆರಡು ಬಾಗಿಲು ತುಂಬುತ್ತಾನೆ ಎಂದು ಟಾಟಾ ಕಡೆಯವರು. ಎರಡನೆಯ ಮಾತಿನಲ್ಲಿ ಅನುಭವದ ವಾಸನೆಯಿತ್ತು.

ಇಷ್ಟೆಲ್ಲ ಆದ ಮೇಲೆ ಬೇಕರಿಯ ಹುಡುಗ ಗಾಜಿನ ಲೋಟ ಎತ್ತಿಕೊಳ್ಳುತ್ತಾ ಕೇಳಿದ: "ಪೈಪು ಇಪ್ಪತ್ತಡಿ ಅಲ್ವಾ?"

ಪೈಪು ಇಪ್ಪತ್ತಡಿಯೇ. ಆರು ಮೀಟರಿನ ಆ ಪೈಪಿಗೆ ಏಳೂ ಒಂದೇ, ಒಂಬತ್ತೂ ಒಂದೇ. ಕ್ಯಾಬಿನ್ ತಲೆಯ ಮೇಲಿನ ಕ್ಯಾರಿಯರಿಗೆ ಒರಗಿ, ಹಿಂದೆ ಬಾಲ ಚಾಚಿ, ಬಾಲದ ತುದಿಗೆ ಕೆಂಪು ಬಟ್ಟೆ ಕಟ್ಟಿಸಿಕೊಂಡು ಅದು ಯಾವ ಕಂಪನಿಯ ಗಾಡಿಯಲ್ಲಾದರೂ ಪಕ್ಷಭೇದವಿಲ್ಲದೆ ಹೋಗುತ್ತದೆ. ಟಾರ್ಕಣ್ಣ ಒಂದು ಕ್ಷಣ ಸುಮ್ಮನಿದ್ದು, "ಅದಕ್ಕೇ ಹೇಳಿದ್ದು, ತೊಟ್ಟಿ ಮುಖ್ಯ ಅಲ್ಲ, ಕ್ಯಾರಿಯರ್ ಮುಖ್ಯ" ಎಂದರು. ಹಾಗೆ ಅವರು ಎಲ್ಲೂ ಹೇಳಿರಲಿಲ್ಲ.

ಹುಡುಗ ಕೊನೆಗೆ ಯಾವುದು ತೆಗೆದುಕೊಂಡ? ಯಾವ ಶೋರೂಮಿನಲ್ಲಿ ಕೈಯಿಂದ ಮೊದಲು ಕಟ್ಟುವ ದುಡ್ಡು ಕಡಿಮೆಯೋ, ತಿಂಗಳ ಡ್ಯೂ ಹಗುರವೋ ಅದನ್ನು. ಸಿಸಿ ಅವನ ಲೆಕ್ಕಕ್ಕೇ ಬರಲಿಲ್ಲ. ಗಾಡಿಗೆ ಬೇವು, ಬಾಳೆಕಂದು ಕಟ್ಟಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು ಪೂಜೆ ಮಾಡಿಸುವಾಗ ತೆಂಗಿನಕಾಯಿ ಒಡೆಯಲು ಮುಂದೆ ನಿಂತವರು ಟಾರ್ಕಣ್ಣ. "ನಾನ್ ಹೇಳಿದ್ ಗಾಡೀನೇ ತಂದವ್ನೆ" ಎಂದು ಸ್ಟ್ಯಾಂಡಿಗೆಲ್ಲ ಸಾರಿದರು. ಹೌದು, ಮೂರನ್ನೂ ಹೇಳಿದ್ದರಲ್ಲ.

ಪುಲ್ಲಿಂಗ್ ವಿಷಯ ಮಾತ್ರ ಇಷ್ಟು ಸುಲಭವಾಗಿ ಬಗೆಹರಿಯುವುದಿಲ್ಲ, ಏಕೆಂದರೆ ಅಲ್ಲಿ ಸಾಕ್ಷಿಗಳಿರುತ್ತಾರೆ. ಎಳೆಯುವುದು ಎಂದರೆ ಬೆಂಗಳೂರಿನ ಮಿಕ್ಕವರಿಗೆ ನೆನಪಾಗುವುದು ಟ್ರಾಫಿಕ್ ಪೊಲೀಸರ ಟೈಗರ್ ಗಾಡಿ. ನೋ ಪಾರ್ಕಿಂಗ್‌ನಲ್ಲಿದ್ದ ಸ್ಕೂಟರನ್ನು ಒಡೆಯನ ಕಣ್ಣೆದುರೇ ಎತ್ತಿಕೊಂಡು ಹೋಗುತ್ತಿದ್ದದ್ದು, ಜನರ ಗಲಾಟೆಯ ನಂತರ 2022ರ ಫೆಬ್ರುವರಿಯಲ್ಲಿ ನಿಂತದ್ದು. ಕಾಮಾಕ್ಷಿಪಾಳ್ಯದವರಿಗೆ ಎಳೆಯುವುದೆಂದರೆ ಮೌಲ್ಡಿಂಗ್ ದಿನ ಕಾಂಕ್ರೀಟ್ ಮಿಕ್ಸರನ್ನು ಹಿಂದೆ ಕಟ್ಟಿಕೊಂಡು ಹೋಗುವುದು, ಕೆಟ್ಟು ನಿಂತ ಗಾಡಿಯನ್ನು ಹಗ್ಗ ಹಾಕಿ ಗ್ಯಾರೇಜಿಗೆ ಮುಟ್ಟಿಸುವುದು. ಯಾರ ಗಾಡಿಯನ್ನು ಯಾರು ಎಳೆದರು ಎಂಬುದು ಇಲ್ಲಿ ಮೂರು ತಲೆಮಾರಿಗಾಗುವ ಇತಿಹಾಸ.

ಒಂದು ಮಳೆಗಾಲದ ರಾತ್ರಿ ನೀರು ನಿಂತ ಅಂಡರ್‌ಪಾಸಿನಲ್ಲಿ ಬೊಲೆರೊ ಪಿಕಪ್ಪೊಂದು ಆಫ್ ಆಯಿತು. ಅದನ್ನು ದೋಸ್ತ್ ಎಳೆದು ದಡಕ್ಕೆ ತಂದಿತು. ಇಷ್ಟೇ ಘಟನೆ. ಲೇಲ್ಯಾಂಡ್ ಪಕ್ಷದವರು ಆ ಫೋಟೊವನ್ನು ವಾಟ್ಸ್ಆ್ಯಪ್ ಡಿಪಿ ಮಾಡಿಕೊಂಡರು. ಬೊಲೆರೊದವರ ಪ್ರಕಾರ ಗಾಡಿ ಕೆಟ್ಟೇ ಇರಲಿಲ್ಲ, ಡೀಸೆಲ್ ಮುಗಿದಿತ್ತು. ಅಷ್ಟೇ ಅಲ್ಲ, ದೋಸ್ತ್ ಸುಮ್ಮನೆ ಹಗ್ಗ ಹಿಡಿದಿತ್ತು, ತಳ್ಳಿದ್ದು ಹಿಂದಿದ್ದ ಜನ. ಟಾಟಾದವರು ಆ ರಾತ್ರಿ ಅಲ್ಲಿರಲೇ ಇಲ್ಲ, ಆದರೂ ಹಗ್ಗ ತಮ್ಮದೆಂದು ಹೇಳಿಕೊಳ್ಳುತ್ತಾರೆ. ಟಾರ್ಕಣ್ಣ ಮೂರೂ ಕಡೆಯ ಹೇಳಿಕೆ ಕೇಳಿ ಇನ್ನೂ ತೀರ್ಪು ಕಾಯ್ದಿರಿಸಿದ್ದಾರೆ. ಇಂಥ ಜಗಳ ಬಿಸಿಯಾದಾಗ ಮಾತು ತಿರುಗಿಸಲು ಅವರಿಗೆ ಸುಮನಹಳ್ಳಿ ಮೇಲ್ಸೇತುವೆ ಬಹಳ ಉಪಯೋಗಕ್ಕೆ ಬರುತ್ತದೆ. 2019ರಲ್ಲಿ ಅದರ ಮೈಯಲ್ಲಿ ತೂತು ಬಿತ್ತು, ಮುಚ್ಚಿದರು. 2022ರಲ್ಲಿ ಮತ್ತೊಂದು ಬಿತ್ತು. "ಇಪ್ಪತ್ತು ವರ್ಷದಿಂದ ನಮ್ ಏಸ್‌ಗಳು ಡಬಲ್ ಲೋಡ್ ಹೊತ್ರೂ ಚಾಸಿಸ್ ತೂತು ಬಿದ್ದಿಲ್ಲ. ಹೋಲಿಸಬೇಕಾದ್ರೆ ಇಂಜಿನಿಯರಿಗೂ ಇಂಜಿನಿಯರಿಗೂ ಹೋಲಿಸ್ಬೇಕು" ಎನ್ನುತ್ತಾರೆ. ಆ ವಿಷಯದಲ್ಲಿ ಮೂರು ಪಕ್ಷಗಳೂ ಒಂದು.

ಲುಕ್ಕಿನ ಪರೀಕ್ಷೆಯಲ್ಲಿ ಬೊಲೆರೊ ಹುಟ್ಟಿನಿಂದಲೇ ಪಾಸು. ಮೂತಿ ಜೀಪಿನದು, ಎದೆ ಮುಂದಿದೆ. ಏಸ್‌ಗೆ ಒಂದು ಸಂಕಟವಿದೆ: ಬೆಳಿಗ್ಗೆ ಕ್ರಾಸಿಗೆ ಹಾಡು ಹಾಕಿಕೊಂಡು ಬರುವ ಕಸದ ಆಟೊ ಟಿಪ್ಪರುಗಳಲ್ಲಿ ಎಷ್ಟೋ ಅದೇ ಕುಲದವು. ಅದಕ್ಕೇ ಏಸ್ ಒಡೆಯರು ಅಲಂಕಾರಕ್ಕೆ ಹೆಚ್ಚು ಖರ್ಚು ಮಾಡುತ್ತಾರೆ. ಗಾಜಿನ ಮೇಲೆ ಮುನೇಶ್ವರ ಪ್ರಸನ್ನ, ಹಿಂದಿನ ಹಲಗೆಗೆ ಅಪ್ಪು ನಗುಮುಖ, ಬಂಪರಿಗೆ ಕೆಂಪು ಹಳದಿ ಬಾವುಟ, ಕ್ಯಾಬಿನ್ ಒಳಗೆ ಊಟಿಯ ಚಳಿಗೂ ಸಾಲುವಷ್ಟು ಕುಚ್ಚು. ಆದರೆ ಗಣೇಶನ ಮೆರವಣಿಗೆ ಬಂದಾಗ ಏಸ್ ಸೇಡು ತೀರಿಸಿಕೊಳ್ಳುತ್ತದೆ. ತೊಟ್ಟಿ ತಗ್ಗು, ಗಣೇಶನನ್ನು ಎತ್ತಿ ಕೂರಿಸಲು ಸಲೀಸು. ಒಂದೂವರೆ ಮೀಟರಿನ ಅಗಲ, ಯಾವ ಕ್ರಾಸಿನಲ್ಲೂ ತಿರುಗುತ್ತದೆ. ನವೆಂಬರಿನಲ್ಲಿ ಭುವನೇಶ್ವರಿಯನ್ನು ಹೊರುವ ಭಾಗ್ಯವೂ ಬಹಳ ಸಲ ಅದಕ್ಕೇ. ಆವತ್ತು ಬೊಲೆರೊ ಡಿಜೆ ಜನರೇಟರ್ ಹೊತ್ತುಕೊಂಡು ಹಿಂದೆ ಬರುತ್ತದೆ, ಮುಖ ಸಪ್ಪೆ.

ಟಾರ್ಕಣ್ಣನ ಅಕ್ಕನ ಮಗ ಟೆಕ್ಸಾಸ್‌ನಲ್ಲಿದ್ದಾನೆ. ಎಲ್ಲ ಟಾರ್ಕಣ್ಣಂದಿರಿಗೂ ಈಗ ಅಂಥ ಒಬ್ಬ ಇರುತ್ತಾನೆ. ಫೋರ್ಡ್ ಎಫ್-150 ಕೊಂಡು ಫೋಟೊ ಕಳಿಸಿದ. ಸ್ಟ್ಯಾಂಡಿನಲ್ಲಿ ಮೌನ. 400 ಕುದುರೆ. ಸರಿಯಾದ ಇಂಜಿನ್ನು, ಸರಿಯಾದ ಪ್ಯಾಕೇಜು ಹಾಕಿಸಿದರೆ ಆರು ಟನ್ ಎಳೆಯುತ್ತದೆ. 1977ರಿಂದ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಪಿಕಪ್ಪು ಆ ಮನೆತನದ್ದೇ. ಅಲ್ಲಿ ಫೋರ್ಡ್, ಶೆವ್ರೊಲೆ, ರ‍್ಯಾಮ್ ಎಂದು ಮೂರು ಪಕ್ಷವಂತೆ, ಮದುವೆ ಸಂಬಂಧವೂ ಕಷ್ಟವಂತೆ. ಇಪ್ಪತ್ತೈದು ಏಸ್ ಸೇರಿದರೆ ಒಂದು ಎಫ್-150 ಎಂದು ಯಾರೋ ಭಾಗಾಕಾರ ಮಾಡಿ ಹೇಳಿದರು. ಟಾರ್ಕಣ್ಣ ಫೋಟೊ ದೊಡ್ಡದು ಮಾಡಿ ತೊಟ್ಟಿಯೊಳಕ್ಕೆ ಇಣುಕಿದರು. ಅಲ್ಲಿ ಒಂದು ಮಡಚುವ ಕುರ್ಚಿ, ಒಂದು ನಾಯಿ.

"ನಾಯಿಗೆ ಎಷ್ಟು ಬಾಡಿಗೆ ಕೇಳು" ಎಂದರು.

ಆಮೇಲೆ ಎದ್ದು ಹೋಗಿ ಕ್ರಾಸಿನ ಅಗಲವನ್ನು ಹೆಜ್ಜೆಯಲ್ಲಿ ಅಳೆದು ಬಂದರು. ಎಫ್-150 ಆರು ಮೀಟರು ಉದ್ದ. ಕನ್ನಡಿ ಚಾಚಿದರೆ ಎರಡೂಕಾಲು ಮೀಟರಿಗೂ ಹೆಚ್ಚು ಅಗಲ. ಒಂದು ಕಡೆ ನಿಲ್ಲಿಸಿದ ಬೈಕು, ಇನ್ನೊಂದು ಕಡೆ ರಂಗೋಲಿ, ನಡುವೆ ನೀರಿನ ಡ್ರಮ್ಮು. "ಒಳಗೇನೋ ಬರತ್ತೆ. ಹೊರಗೆ ಹೋಗ್ಬೇಕಾದ್ರೆ ಬಿಚ್ಚಿ ಪಾರ್ಟ್ ಪಾರ್ಟ್ ಆಗಿ ಏಸ್‌ನಲ್ಲಿ ಕಳಿಸ್ಬೇಕು." ಫೋರ್ಡ್‌ನವರು 1925ರಲ್ಲಿ ಮೊದಲ ಸಲ ಮಾಡೆಲ್ ಟಿ ಕಾರಿಗೆ ಕಾರ್ಖಾನೆಯಲ್ಲೇ ತೊಟ್ಟಿ ಕೂರಿಸಿ ಮಾರಿದಾಗ ಅದಕ್ಕಿದ್ದದ್ದು ಇಪ್ಪತ್ತೇ ಕುದುರೆ ಎಂದು ಅಕ್ಕನ ಮಗನೇ ಫೋನಿನಲ್ಲಿ ತಿಳಿಸಿದ ಮೇಲೆ ಅವರಿಗೆ ಸಮಾಧಾನವಾಯಿತು. ನಮ್ಮ ಹಾಗೇ ಶುರು ಮಾಡಿದವರು, ಆಮೇಲೆ ಕೆಟ್ಟರು. ದೂರದ ಮಾತೇಕೆ, ನಮ್ಮ ಬಿಡದಿಯಲ್ಲೇ ತಯಾರಾಗುವ ಟೊಯೊಟಾ ಹೈಲಕ್ಸ್ 2022ರಲ್ಲಿ ಬಂತಲ್ಲ, 204 ಕುದುರೆ, ಮೂವತ್ತು ಲಕ್ಷದ ಮೇಲೆ. ಅದನ್ನೂ ಅವರು ಒಂದೇ ಮಾತಿನಲ್ಲಿ ಮುಗಿಸಿದರು: "ವೈಟ್ ಬೋರ್ಡು. ಬಿಡು."

ಹೀಗೆ ಅಮೆರಿಕವನ್ನೂ ಬಿಡದಿಯನ್ನೂ ಜಯಿಸಿದ ಟಾರ್ಕಣ್ಣನಿಗೆ ಪೆಟ್ಟು ಬಿದ್ದದ್ದು ಬೆನ್ನ ಹಿಂದಿನಿಂದ. ರಸ್ತೆಗೆ ಬೆನ್ನು ಹಾಕಿ ಟೀ ಕುಡಿಯುತ್ತಿದ್ದಾಗ ಯಾರೋ "ಅಣ್ಣಾ, ಒಸಿ ಸೈಡಿಗೆ" ಎಂದರು. ತಿರುಗಿದರೆ ಮೊಣಕಾಲಿನ ಪಕ್ಕದಲ್ಲೇ ಒಂದು ಏಸ್ ನಿಂತಿದೆ. ಸದ್ದೇ ಇಲ್ಲ. ಅವರು ಕೆಳಗೆ ಬಗ್ಗಿ ಸೈಲೆನ್ಸರ್ ಹುಡುಕಿದರು. ಅದೂ ಇಲ್ಲ.

"ಎಲೆಕ್ಟ್ರಿಕ್ ಅಣ್ಣಾ. 36 ಕುದುರೆ. ಟಾರ್ಕು 130."

ಹಳೆಯ ಡೀಸೆಲ್ ಏಸ್‌ನ ಟಾರ್ಕು 38. ಮೂರು ಪಟ್ಟಿಗೂ ಹೆಚ್ಚು. ತಮ್ಮ ಬಿರುದನ್ನೇ ಒಂದು ಬ್ಯಾಟರಿ ಎತ್ತಿಕೊಂಡು ಹೋದದ್ದು ಟಾರ್ಕಣ್ಣನಿಗೆ ತಿಳಿಯಿತು. ಆದರೆ ಸೋಲೊಪ್ಪಿಕೊಳ್ಳುವವರು ಈ ವೃತ್ತಿಗೆ ಬರುವುದಿಲ್ಲ. ಗಾಡಿಗೆ ಒಂದು ಸುತ್ತು ಬಂದರು, ಟೈರಿಗೆ ಗೇಜು ಇಟ್ಟರು, ಹೊರುವುದೆಷ್ಟೆಂದು ಕೇಳಿದರು. "600 ಕೆ.ಜಿ." ಎಂದಾಗ ಅರ್ಧ ಜೀವ ಬಂತು.

"ಅದಿರ್ಲಿ. ಚಾರ್ಜು ಮುಗಿದು ಮಾಗಡಿ ರೋಡಲ್ಲಿ ನಿಂತ್ಕೊಂಡ್ರೆ ಯಾರಪ್ಪಾ ಎಳ್ಕೊಂಡ್ ಬರೋರು?"

"ನಾವು" ಎಂದರು ಮೂರು ಪಕ್ಷದವರೂ ಒಟ್ಟಿಗೆ.

ಮೂರರಲ್ಲಿ ಯಾರು ಎಂಬುದು ರಾತ್ರಿ ಬೇಕರಿಯವನು ಷಟರ್ ಅರ್ಧ ಎಳೆದಾಗಲೂ ಬಗೆಹರಿದಿರಲಿಲ್ಲ. ಎಲೆಕ್ಟ್ರಿಕ್ ಏಸ್ ಅಷ್ಟರಲ್ಲಿ ಎರಡು ಬಾಡಿಗೆ ಮುಗಿಸಿ ಬಂದಿತ್ತು. ಬಂದದ್ದು ಯಾರಿಗೂ ಕೇಳಿಸಿರಲಿಲ್ಲ.